ದೇವರ ಚಿತ್ತವೂ ನಮ್ಮ ಚೀಟಿಯೂ

ಕಳೆದ ತಿಂಗಳು ಒಂದು ರಾತ್ರಿ ನನ್ನ ತಮ್ಮನ ಮಗಳು ಬೆಂಗಳೂರಿನಿಂದ ಫೋನು ಮಾಡಿದಳು. ಅವಳು ಅಲ್ಲಿನ ಒಂದು ಆಸ್ಪತ್ರೆಯಲ್ಲಿ ದಾದಿ. ಜರ್ಮನಿಯಲ್ಲಿ ಕೆಲಸ ದೊರೆಯುವ ಸಂದರ್ಭ ಬಂದಿದೆ. ಭಾಷೆಯ ಪರೀಕ್ಷೆಯನ್ನೂ ಪಾಸು ಮಾಡಿಕೊಂಡಿದ್ದಾಳೆ. ನನ್ನ ತಮ್ಮ ತೀರಿಕೊಂಡು ಆರು ವರ್ಷಗಳಾದವು. ಅವಳ ತಾಯಿ ಕೊಪ್ಪಳದಲ್ಲಿ ಒಬ್ಬಳೇ ಇದ್ದಾಳೆ. ಮೊಣಕಾಲು ನೋವು, ಜೊತೆಗೆ ಸಕ್ಕರೆ ಕಾಯಿಲೆ. ಹೋಗುವುದೋ ಬಿಡುವುದೋ ಎಂಬ ಚಿಂತೆಯಲ್ಲಿ ಹುಡುಗಿ ಎರಡು ವಾರ ನಿದ್ದೆ ಮಾಡಿರಲಿಲ್ಲ. "ದೊಡ್ಡಪ್ಪಾ, ದಿನಾ ಪ್ರಾರ್ಥನೆ ಮಾಡಾಕತ್ತೀನಿ. ದೇವ್ರ ಚಿತ್ತ ಯಾವುದು ಅಂತ ಹ್ಯಾಂಗ ತಿಳಕೋಬೇಕು? ಚೀಟಿ ಹಾಕಲೇನು?" ಎಂದು ಕೇಳಿದಳು.

ಮೂವತ್ತನಾಲ್ಕು ವರ್ಷ ಇತಿಹಾಸ ಪಾಠ ಹೇಳಿದ ನನಗೆ ಆ ಕ್ಷಣದಲ್ಲಿ ಉತ್ತರ ತೋಚಲಿಲ್ಲ. ನಾಲ್ಕು ದಿನ ಬಿಟ್ಟು ಹೇಳುತ್ತೇನೆಂದು ಫೋನು ಇಟ್ಟೆ. ಚೀಟಿ ಎಂಬ ಮಾತು ಕೇಳಿದೊಡನೆ ನನಗೆ ಬೇರೊಂದು ರಾತ್ರಿಯ ನೆನಪಾಯಿತು. ಅದನ್ನು ಕಡೆಯಲ್ಲಿ ಹೇಳುತ್ತೇನೆ. ಮೊದಲು, ಮೇಷ್ಟ್ರ ಅಭ್ಯಾಸದಂತೆ, ಹಿಂದಿನವರು ಏನು ಮಾಡಿದರೆಂದು ನೋಡೋಣ.

ನಮ್ಮ ಸೀಮೆಯಲ್ಲಿ ದೇವರ ಅಪ್ಪಣೆ ಕೇಳುವುದು ಯಾವ ಮತದವರಿಗೂ ಹೊಸದಲ್ಲ. ಮದುವೆ, ಮನೆ, ಬಿತ್ತನೆ ಯಾವುದೇ ಇರಲಿ, ಗುಡಿಯಲ್ಲಿ ಕೂತು ಹೂವಿನ ಪ್ರಸಾದ ಬಲಕ್ಕೆ ಬೀಳುವುದೋ ಎಡಕ್ಕೆ ಬೀಳುವುದೋ ಎಂದು ಕಾಯುವವರನ್ನು ನಾವೆಲ್ಲ ಕಂಡಿದ್ದೇವೆ. ಹಲ್ಲಿ ಲೊಚಗುಟ್ಟಿದರೆ ಮಾತಿಗೆ ಸಾಕ್ಷಿ ದೊರೆತಂತೆ. ಕ್ರೈಸ್ತರಾದ ನಮ್ಮ ಮನೆಗಳಲ್ಲಿ ಹೂವೂ ಇಲ್ಲ, ಹಲ್ಲಿಯ ಮಾತಿಗೆ ಬೆಲೆಯೂ ಇಲ್ಲ ಎಂದು ನಾವು ಹೇಳಿಕೊಳ್ಳುತ್ತೇವೆ. ಆದರೆ ಕಣ್ಣು ಮುಚ್ಚಿ ಸತ್ಯವೇದವನ್ನು ತೆರೆದು, ಬೆರಳಿಟ್ಟಲ್ಲಿ ಬಂದ ವಚನವನ್ನು ಉತ್ತರವೆಂದು ತಿಳಿಯುವ ಹಿರಿಯರು ನಮ್ಮಲ್ಲಿಯೂ ಇದ್ದರು. ಎರಡು ಚೀಟಿ ಬರೆದು, ಸತ್ಯವೇದದೊಳಗಿಟ್ಟು, ಪ್ರಾರ್ಥಿಸಿ, ಮನೆಯ ಚಿಕ್ಕ ಮಗುವಿನ ಕೈಯಿಂದ ಒಂದನ್ನು ತೆಗೆಸುವುದೂ ಇತ್ತು.

ಇದಕ್ಕೆ ಶಾಸ್ತ್ರಾಧಾರ ಇಲ್ಲವೆನ್ನುವಂತಿಲ್ಲ. ಯೂದ ಇಸ್ಕರಿಯೋತನ ಸ್ಥಾನ ತೆರವಾದಾಗ ಅಪೊಸ್ತಲರು ಚೀಟು ಹಾಕಿಯೇ ಮತ್ತೀಯನನ್ನು ಆರಿಸಿದರು. ಆದರೆ ಅದರ ಮುಂದಿನ ಅಧ್ಯಾಯದಲ್ಲಿಯೇ ಪವಿತ್ರಾತ್ಮನು ಇಳಿದುಬರುತ್ತಾನೆ. ಆಮೇಲೆ ಹೊಸ ಒಡಂಬಡಿಕೆಯಲ್ಲಿ ಯಾರೂ ಚೀಟು ಹಾಕಿದ ಪ್ರಸಂಗ ಬರುವುದಿಲ್ಲ. ಜರ್ಮನಿಯ ಹೆರ್ನ್‌ಹುಟ್ ಊರಿನ ಮೊರೇವಿಯನ್ ಭಕ್ತರು 18ನೆಯ ಶತಮಾನದಲ್ಲಿ ಯಾರನ್ನು ಯಾವ ದೇಶಕ್ಕೆ ಕಳಿಸಬೇಕು, ಯಾರು ಯಾರನ್ನು ಮದುವೆಯಾಗಬೇಕು ಎಂಬುದನ್ನೂ ಚೀಟು ಹಾಕಿ ತೀರ್ಮಾನಿಸುತ್ತಿದ್ದರು. ಅವರಿಂದ ಬಹಳವಾಗಿ ಪ್ರಭಾವಿತರಾದವರು ಜಾನ್ ವೆಸ್ಲಿ. ರಾಯಚೂರು, ಬೀದರ್ ಕಡೆಯ ಮೆಥೋಡಿಸ್ಟ್ ಸಭೆಗಳಿಗೆಲ್ಲ ಅವರೇ ಮೂಲಪುರುಷರು. 1737ರ ಮಾರ್ಚ್ ತಿಂಗಳಲ್ಲಿ ಅಮೆರಿಕದ ಸವಾನಾ ಊರಿನಲ್ಲಿ ಅವರು ಸೋಫಿಯಾ ಹಾಪ್ಕಿ ಎಂಬ ಕನ್ಯೆಯನ್ನು ವರಿಸಬೇಕೋ ಬೇಡವೋ ಎಂದು ಮೂರು ಚೀಟಿ ಹಾಕಿದರು: ಮದುವೆಯಾಗು, ಈ ವರ್ಷ ಬೇಡ, ಇನ್ನು ಆ ಯೋಚನೆಯನ್ನೇ ಬಿಡು. ಬಂದದ್ದು ಮೂರನೆಯದು. ದೇವರ ಚಿತ್ತವೆಂದು ಅವರು ಒಪ್ಪಿದರು. ಕೆಲವೇ ದಿನಗಳಲ್ಲಿ ಆಕೆ ಬೇರೊಬ್ಬನನ್ನು ಮದುವೆಯಾದಳು. ಮುಂದೆ ಆಗಸ್ಟ್‌ನಲ್ಲಿ ವೆಸ್ಲಿ ಆಕೆಗೆ ಪ್ರಭುಭೋಜನವನ್ನು ನಿರಾಕರಿಸಿ, ವ್ಯಾಜ್ಯಕ್ಕೆ ಸಿಕ್ಕಿ, ಆ ವರ್ಷ ಮುಗಿಯುವುದರೊಳಗೆ ಊರನ್ನೇ ಬಿಡಬೇಕಾಯಿತು. ಚೀಟಿ ಅವರ ಕೈಗೆ ಉತ್ತರ ಕೊಟ್ಟಿತ್ತು, ಮನಸ್ಸಿಗೆ ಕೊಟ್ಟಿರಲಿಲ್ಲ.

ಇದು ದೂರದ ಕಥೆಯಾಯಿತು. ನಮ್ಮ ಕೊಪ್ಪಳದಿಂದ ರೈಲಿನಲ್ಲಿ ಪಶ್ಚಿಮಕ್ಕೆ ಒಂದು ಗಂಟೆಯ ದಾರಿಯಲ್ಲಿರುವ ಗದಗಿನ ಹತ್ತಿರ ನಡೆದ ಒಂದು ಸಂಗತಿ ನನಗೆ ಇದಕ್ಕಿಂತ ಹೆಚ್ಚು ಮುಖ್ಯವಾಗಿ ತೋರುತ್ತದೆ.

ಸ್ವಿಟ್ಜರ್‌ಲೆಂಡಿನ ಬಾಸೆಲ್ ಪಟ್ಟಣದಲ್ಲಿ 1815ರಲ್ಲಿ ಹುಟ್ಟಿದ ಬಾಸೆಲ್ ಮಿಷನ್ 1834ರಲ್ಲಿ ಮಂಗಳೂರಿಗೆ ಬಂದಿತು. 1837ರಲ್ಲಿ ಧಾರವಾಡ, 1839ರಲ್ಲಿ ಹುಬ್ಬಳ್ಳಿ, 1841ರಲ್ಲಿ ಬೆಟಗೇರಿ: ಹೀಗೆ ಘಟ್ಟದ ಮೇಲೆ ಅವರ ನೆಲೆಗಳು ಒಂದೊಂದಾಗಿ ಎದ್ದವು. ಅವರು ಕೆಲಸ ಮಾಡಿದ್ದು ಕಂಪನಿ ಸರಕಾರದ ಧಾರವಾಡ ಜಿಲ್ಲೆಯಲ್ಲಿ; ನಮ್ಮ ಕೊಪ್ಪಳ ಆಗ ನಿಜಾಮನ ಸೀಮೆ. ಬಂದವರು ಇಪ್ಪತ್ತು ಮೂವತ್ತರ ವಯಸ್ಸಿನ ಜರ್ಮನ್ ತರುಣರು. ಕನ್ನಡ ಇನ್ನೂ ಪೂರ್ತಿ ನಾಲಿಗೆಗೆ ಹತ್ತಿರಲಿಲ್ಲ. ಪೇಟೆಯಲ್ಲಿ ನಿಂತು ಬೋಧಿಸಿದರೆ ಜನ ಕೇಳುತ್ತಿದ್ದರು, ವಾದಿಸುತ್ತಿದ್ದರು, ಹೋಗುತ್ತಿದ್ದರು. ಹೀಗಿರುವಾಗ ಕಾಲಜ್ಞಾನದ ಪಂಥಕ್ಕೆ ಸೇರಿದ ಕೆಲವು ರೈತರು ತಾವಾಗಿಯೇ ಅವರನ್ನು ಹುಡುಕಿಕೊಂಡು ಬಂದರು. ನಮ್ಮ ಗುರುಗಳ ಗ್ರಂಥಗಳಲ್ಲಿ ನಿಮ್ಮಂಥವರು ಬರುವರೆಂದು ಮೊದಲೇ ಹೇಳಿದೆ, ನಮ್ಮ ಜನ ಬಹಳ ಇದ್ದಾರೆ, ನಾವೆಲ್ಲ ನಿಮ್ಮ ಕಡೆಗೆ ಬರುತ್ತೇವೆ ಎಂಬುದು ಅವರ ಮಾತಿನ ಸಾರ.

ಕಾಲಜ್ಞಾನವೆಂದರೆ ಏನೆಂದು ನಮ್ಮ ಭಾಗದ ಓದುಗರಿಗೆ ಬಿಡಿಸಿ ಹೇಳಬೇಕಿಲ್ಲ. ವೀರ ವಸಂತರಾಯ ಬರುತ್ತಾನೆ, ಕಲ್ಯಾಣ ಮತ್ತೆ ಬೆಳಗುತ್ತದೆ ಎಂಬ ನಂಬಿಕೆ ಕೊಡೇಕಲ್ ಬಸವಣ್ಣನ ಪರಂಪರೆಯಲ್ಲಿಯೂ ಇತರ ಶರಣ ಪರಂಪರೆಗಳಲ್ಲಿಯೂ ತಲೆಮಾರುಗಳಿಂದ ಹರಿದುಬಂದಿದೆ. ರಾಜ್ಯಗಳು ಉರುಳಿದ, ದಂಡುಗಳು ತುಳಿದ ನೆಲದಲ್ಲಿ ಬರಲಿರುವ ಒಬ್ಬನಿಗಾಗಿ ಜನ ಕಾದಿದ್ದರೆ ಆಶ್ಚರ್ಯವಿಲ್ಲ. ಆ ಕಾಯುವಿಕೆಯನ್ನು ಹೊತ್ತುಕೊಂಡೇ ಆ ರೈತರು ಮಿಷನರಿಗಳ ಬಾಗಿಲಿಗೆ ಬಂದಿದ್ದರು.

ಆ ತರುಣರ ಸ್ಥಾನದಲ್ಲಿ ನಿಂತು ಯೋಚಿಸಿ. ಸಾವಿರಾರು ಮೈಲಿ ದೂರದಿಂದ ಬಂದಿದ್ದೀರಿ. ದಿನವೂ ದಾರಿ ತೋರು ಎಂದು ಪ್ರಾರ್ಥಿಸಿದ್ದೀರಿ. ಒಂದು ದಿನ ಅಪರಿಚಿತರು ಬಂದು ನಿಮ್ಮ ಬರವನ್ನು ನಮ್ಮ ಶಾಸ್ತ್ರವೇ ಹೇಳಿದೆ ಎನ್ನುತ್ತಾರೆ. ಪೌಲನ ಕನಸಿನಲ್ಲಿ ಬಂದು ಕರೆದ ಮಕೆದೋನ್ಯದ ಮನುಷ್ಯನ ನೆನಪಾಗದಿರುವುದು ಸಾಧ್ಯವೇ? ಇದಕ್ಕಿಂತ ಸ್ಪಷ್ಟವಾದ ಗುರುತನ್ನು ಯಾರು ತಾನೆ ಕೇಳಿಯಾರು! ಗದಗಿನ ಸಮೀಪದ ಮಲ್ಲಸಮುದ್ರದಲ್ಲಿ ನೆಲವನ್ನು ಪಡೆದು, ಬರುವ ಕಾಲಜ್ಞಾನಿಗಳ ಸಲುವಾಗಿ 1841ರಲ್ಲಿ ಒಂದು ನೆಲೆಯನ್ನೇ ಸ್ಥಾಪಿಸಿದರು.

ಬಂದವರು ಬಹಳ ಸ್ವಲ್ಪ. ನಿರೀಕ್ಷಿಸಿದ ಸಮೂಹ ಬರಲೇ ಇಲ್ಲ. ಆ ವಸಾಹತು ಬೆಳೆಯಲಿಲ್ಲ. ಕೆಲಸವೆಲ್ಲ ಮುಂದೆ ಬೆಟಗೇರಿಯಲ್ಲಿಯೇ ನಡೆಯಿತು, ಅದೂ ಬಹುಮಟ್ಟಿಗೆ ನೇಕಾರರ ನಡುವೆ. ರೈತರು ಮೋಸ ಮಾಡಿದರೆಂದು ನಾನು ಎಣಿಸುವುದಿಲ್ಲ. ಅವರಿಗೆ ಬೇಕಿದ್ದದ್ದು ಒಬ್ಬ ರಕ್ಷಕ. ಇವರಿಗೆ ಬೇಕಿದ್ದದ್ದು ಒಂದು ಸಭೆ. ಇಬ್ಬರೂ ಒಂದೇ ಮಾತನ್ನಾಡಿ ಬೇರೆ ಬೇರೆ ಅರ್ಥವನ್ನು ಕೇಳಿಸಿಕೊಂಡರು. ಇಬ್ಬರೂ ತಮ್ಮ ತಮ್ಮ ಗ್ರಂಥಕ್ಕೆ ಪ್ರಾಮಾಣಿಕರಾಗಿದ್ದರು ಎಂಬುದೇ ಇದರಲ್ಲಿ ದುಃಖದ ಸಂಗತಿ.

ಕೆಲವು ವರ್ಷಗಳ ಹಿಂದೆ ನಾನು ಮಲ್ಲಸಮುದ್ರಕ್ಕೆ ಹೋಗಿದ್ದೆ. ಗದಗಿನಿಂದ ಮುಳಗುಂದದ ರಸ್ತೆ. ಈಗ ಅಲ್ಲಿ ಸರಕಾರದ ದೊಡ್ಡ ವೈದ್ಯಕೀಯ ಸಂಸ್ಥೆ ಇದೆ. ನನ್ನ ಸೋದರತ್ತೆಯ ಮಗನನ್ನು ನೋಡಲು ಹೋದದ್ದೇ ಹೊರತು ಇತಿಹಾಸಕ್ಕಾಗಿ ಅಲ್ಲ. ಆಸ್ಪತ್ರೆಯ ಹೊರಗೆ ಚಹಾ ಕುಡಿಯುತ್ತ ಇಬ್ಬರು ಹಿರಿಯರನ್ನು ಕೇಳಿದೆ. ಇಂಥ ನೆಲೆಯೊಂದು ಇಲ್ಲಿತ್ತೆಂಬ ಮಾತು ಅವರಿಗೆ ಹೊಸದು. ಕಪ್ಪು ಎರೆನೆಲ, ಬಿಸಿಲು, ರೋಗಿಗಳ ಸಂಬಂಧಿಕರು ಗಂಟು ಕಟ್ಟಿಕೊಂಡು ಕುಳಿತಿದ್ದರು. ಇವರಲ್ಲಿ ಎಷ್ಟು ಜನ ಆ ಹೊತ್ತಿನಲ್ಲಿ ತಮ್ಮ ತಮ್ಮ ದೇವರನ್ನು, ಆಪರೇಷನ್ ಮಾಡಿಸಲೇ ಬೇಡವೇ ಎಂದು ಕೇಳುತ್ತಿದ್ದರೋ!

ಗುರುತು ಇಷ್ಟು ಸ್ಪಷ್ಟವಾಗಿದ್ದಾಗ ಹಾಗಾಯಿತು. ಇನ್ನೊಂದು ನಿರ್ಧಾರವನ್ನು ನೋಡಿ. ಇದು ಮಂಗಳೂರಿನದು.

ಆನಂದರಾವ್ ಕೌಂಡಿನ್ಯ 1825ರಲ್ಲಿ ಹುಟ್ಟಿದ ಬ್ರಾಹ್ಮಣ ತರುಣ. ಮಿಷನ್ನಿನ ಇಂಗ್ಲಿಷ್ ಶಾಲೆಯ ವಿದ್ಯಾರ್ಥಿ. ಅವರಿಗೆ ಮಾರ್ಗದರ್ಶಕರಾಗಿ ದೊರೆತವರು ಹರ್ಮನ್ ಮೋಗ್ಲಿಂಗ್. ಮೋಗ್ಲಿಂಗರು 1843ರ ಜುಲೈ 1ರಂದು 'ಮಂಗಳೂರ ಸಮಾಚಾರ'ವನ್ನು ಹೊರಡಿಸಿ ಕನ್ನಡದ ಮೊದಲ ಪತ್ರಿಕೆಯ ಸಂಪಾದಕರಾದವರೆಂದು ನಮಗೆಲ್ಲ ಗೊತ್ತು. ಪತ್ರಿಕೆ ಹೊರಟ ಆ ತಿಂಗಳುಗಳಲ್ಲಿಯೇ ಈ ತರುಣನ ಮನಸ್ಸಿನ ತಾಕಲಾಟವೂ ನಡೆದಿತ್ತು. 1844ರ ಜನವರಿ 6ರಂದು ಆನಂದರಾಯರು ದೀಕ್ಷಾಸ್ನಾನ ಹೊಂದಿದರು. ಪಟ್ಟಣದಲ್ಲಿ ದೊಡ್ಡ ಗದ್ದಲವೆದ್ದಿತು. ಮನೆ, ಬಂಧುಗಳು, ಜಾತಿ ಎಲ್ಲವೂ ಒಂದೇ ದಿನದಲ್ಲಿ ಕಳಚಿಹೋದವು. ಮದುವೆಯಾಗಿದ್ದ ಹೆಂಡತಿ ಅವರ ಸಂಗಡ ಬರಲಿಲ್ಲ.

ಇಲ್ಲಿ ನನ್ನದೊಂದು ಮಾತು. ಇಂಥ ಚರಿತ್ರೆಗಳನ್ನು ಬರೆಯುವವರು ದೇವರ ಚಿತ್ತಕ್ಕಾಗಿ ಹೋರಾಡಿದ ತರುಣನ ಬಗ್ಗೆ ಪುಟಗಟ್ಟಲೆ ಬರೆಯುತ್ತಾರೆ. ಆ ಹೆಂಡತಿಯೂ ತನ್ನ ದೇವರ ಮುಂದೆ ಕುಳಿತು, ಗಂಡನ ಹಿಂದೆ ಹೋಗಲೋ ತವರಿನವರ ಮಾತು ಕೇಳಲೋ ಎಂದು ಅತ್ತಿರಬೇಕಲ್ಲವೇ? ಅವಳದ್ದೂ ಒಂದು ಕಠಿಣ ನಿರ್ಧಾರವೇ. ಒಬ್ಬನು ದೇವರ ಕರೆಯೆಂದು ಒಪ್ಪಿಕೊಂಡದ್ದರ ಬೆಲೆಯಲ್ಲಿ ಒಂದು ಪಾಲನ್ನು, ಆ ಕರೆಯನ್ನು ಕೇಳದ ಇನ್ನೊಬ್ಬರು ತೆರುತ್ತಾರೆ. ಪ್ರಸಂಗಪೀಠದಿಂದ ಈ ಮಾತನ್ನು ನಾನು ಹೆಚ್ಚು ಕೇಳಿಲ್ಲ.

ಆನಂದರಾಯರನ್ನು ಮೋಗ್ಲಿಂಗರು ಯುರೋಪಿಗೆ ಕರೆದೊಯ್ದರು. ಬಾಸೆಲಿನಲ್ಲಿ ಓದಿ, 1851ರಲ್ಲಿ ಬೋಧಕ ದೀಕ್ಷೆ ಪಡೆದು ಅವರು ಮರಳಿದರು. ಹೆಂಡತಿ ಬರುವಳೋ ಎಂದು ಬಹಳ ವರ್ಷ ಕಾದರು. ಬರುವುದಿಲ್ಲವೆಂದು ಖಚಿತವಾದ ಬಳಿಕವೇ, 1860ರಲ್ಲಿ, ಮರೀ ರೈನ್‌ಹಾರ್ಟ್ ಎಂಬ ಜರ್ಮನ್ ಮಹಿಳೆಯನ್ನು ಮದುವೆಯಾದರು. 1893ರಲ್ಲಿ ತೀರಿಕೊಳ್ಳುವವರೆಗೂ ಅವರು ತಮ್ಮ ಮೊದಲಿನ ನಿರ್ಧಾರದಿಂದ ಹಿಂದಕ್ಕೆ ಸರಿಯಲಿಲ್ಲ. ಹದಿನೆಂಟರ ವಯಸ್ಸಿನಲ್ಲಿ ಮಾಡಿದ ಒಂದು ನಿರ್ಧಾರ. ಅದರ ಲೆಕ್ಕ ತೀರಿಸಲು ಸುಮಾರು ಐವತ್ತು ವರ್ಷ.

ಮೋಗ್ಲಿಂಗರ ಬದುಕಿನಲ್ಲಿಯೂ ಒಂದು ತಿರುವು ಬಂತು. ಮಂಗಳೂರಿನಲ್ಲಿ ಬೋಧಕರನ್ನು ತರಬೇತುಗೊಳಿಸುವ ಶಾಲೆ ತೆರೆದು, ವಿದ್ಯಾರ್ಥಿಗಳ ಸಂಗಡವೇ ಅವರು ಉಣ್ಣುವುದನ್ನೇ ಉಂಡು ಬದುಕಿದ ಮನುಷ್ಯ ಅವರು. ಹಳಗನ್ನಡ ಕಾವ್ಯಗಳನ್ನು 'ಬಿಬ್ಲಿಯೋಥೆಕಾ ಕರ್ನಾಟಿಕಾ' ಮಾಲೆಯಲ್ಲಿ ಅಚ್ಚು ಹಾಕಿಸಿದರು. 1852ರ ಹೊತ್ತಿಗೆ ಆರೋಗ್ಯ ಕೆಟ್ಟಿತ್ತು. ಸ್ವದೇಶಕ್ಕೆ ಮರಳುವ ಯೋಚನೆಯಲ್ಲಿದ್ದರು. ಆಗ ಕೊಡಗಿನಿಂದ ಅಳಮಂಡ ಸೋಮಯ್ಯ ಎಂಬ ಕೊಡವ ಗೃಹಸ್ಥ ಬಂದು ದೀಕ್ಷಾಸ್ನಾನ ಕೇಳಿದನು. 1853ರ ಆರಂಭದಲ್ಲಿ ಸ್ತೆಫನಸ್ ಸೋಮಯ್ಯನಾಗಿ ಅವನು ಊರಿಗೆ ಹೊರಟಾಗ ಮೋಗ್ಲಿಂಗರು ಹಡಗನ್ನು ಮರೆತು ಅವನ ಜೊತೆ ಕೊಡಗಿನ ಘಟ್ಟ ಹತ್ತಿದರು. ಬಾಸೆಲಿನ ಸಮಿತಿ ಮೊದಮೊದಲು ಅದನ್ನು ತನ್ನ ಕೆಲಸವೆಂದು ಒಪ್ಪಲಿಲ್ಲ. ಮೇಲಿನವರ ಅಪ್ಪಣೆಯಿಲ್ಲದೆ, ಬಾಗಿಲು ತಟ್ಟಿದ ಒಬ್ಬ ಮನುಷ್ಯನನ್ನೇ ಅಪ್ಪಣೆಯೆಂದು ತಿಳಿದು ಅವರು ನಡೆದಿದ್ದರು.

ಗಮನಿಸಿ, ಇದೂ ಮಲ್ಲಸಮುದ್ರದಂಥದೇ ಪ್ರಸಂಗ. ತಾನಾಗಿ ಬಂದ ಅಪರಿಚಿತ, ಅದನ್ನು ಗುರುತೆಂದು ತಿಳಿದ ಮಿಷನರಿ. ಇಲ್ಲಿಯೂ ಎಣಿಸಿದ್ದು ಆಗಲಿಲ್ಲ. ಸೋಮಯ್ಯನ ಹಿಂದೆ ಕೊಡವರ ಕುಲವೇ ಬರಬಹುದೆಂಬ ಆಸೆ ಫಲಿಸಲಿಲ್ಲ. ಆದರೆ ಬೇರೆ ಯಾರೋ ಬಂದರು: ಕೊಡಗಿನ ಗದ್ದೆಗಳಲ್ಲಿ ಜೀತಕ್ಕಿದ್ದ ದಲಿತ ಕುಟುಂಬಗಳು. ಅವರಿಗಾಗಿ ಮೋಗ್ಲಿಂಗರು ಆನಂದಪುರ ಎಂಬ ವಸತಿಯನ್ನು ಕಟ್ಟಿದರು. ಅದು ಉಳಿಯಿತು. 1860ರಲ್ಲಿ ಅವರು ಭಾರತ ಬಿಟ್ಟರು, ಮತ್ತೆ ಬರಲಿಲ್ಲ. 1881ರಲ್ಲಿ ಜರ್ಮನಿಯಲ್ಲಿ ತೀರಿಕೊಂಡರು.

ಒಂದು ಗುರುತು ಮಣ್ಣಾಯಿತು, ಇನ್ನೊಂದು ಊರಾಯಿತು. ಎರಡಕ್ಕೂ ಹಿಂದೆ ಒಂದೇ ಬಗೆಯ ಪ್ರಾರ್ಥನೆ ಇತ್ತು. ಹಾಗಾದರೆ ಭೇದ ಎಲ್ಲಿ? ನನಗೆ ತೋರುವುದಿಷ್ಟು. ಮಲ್ಲಸಮುದ್ರದಲ್ಲಿ ಮಿಷನರಿಗಳು ಬರುವ ಸಮೂಹಕ್ಕಾಗಿ ಕಾದರು. ಕೊಡಗಿನಲ್ಲಿ ಮೋಗ್ಲಿಂಗರು ಬಂದವನ ಸಂಗಡ ಹೊರಟರು, ಆಮೇಲೆ ಬಂದವರು ತಾವು ಎಣಿಸಿದವರಲ್ಲವೆಂದು ಅವರನ್ನು ತಿರುಗಿ ಕಳಿಸಲಿಲ್ಲ. ಇದು ಇತಿಹಾಸಕಾರನ ಮಾತಲ್ಲ, ಒಬ್ಬ ಮುದುಕನ ಮಾತು. ಒಪ್ಪದವರು ಒಪ್ಪದೆ ಇರಬಹುದು.

ಇನ್ನು ನನ್ನ ಚೀಟಿಯ ಕಥೆ.

1976ರಲ್ಲಿ ನನಗೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಎಂ.ಎ. ಓದಲು ಸ್ಥಾನ ದೊರೆಯಿತು. ನಮ್ಮ ತಂದೆಯವರು ಆಗಲೇ ಹಾಸಿಗೆ ಹಿಡಿದಿದ್ದರು. ತಮ್ಮ ಹನ್ನೆರಡು ವರ್ಷದವನು. ನಾನು ಹೋದರೆ ಮನೆಯಲ್ಲಿ ಗಂಡಾಳು ಇಲ್ಲ. ಒಂದು ರಾತ್ರಿ ಎಲ್ಲರೂ ಮಲಗಿದ ಮೇಲೆ ಕಂದೀಲು ಹಚ್ಚಿಕೊಂಡು, 'ಹೋಗು', 'ಇರು' ಎಂದು ಎರಡು ಚೀಟಿ ಬರೆದು, ತಂದೆಯ ಸತ್ಯವೇದದೊಳಗಿಟ್ಟು, ಮೊಣಕಾಲೂರಿ ಪ್ರಾರ್ಥಿಸಿ ಒಂದನ್ನು ತೆಗೆದೆ. 'ಇರು' ಬಂತು. ಸರಿಯಾಗಿ ಕಲಸಿರಲಿಲ್ಲವೆಂದು ಮನಸ್ಸು ಹೇಳಿತು. ಗಿದ್ಯೋನನು ತುಪ್ಪಟವನ್ನಿಟ್ಟು ಎರಡು ಸಲ ದೇವರನ್ನು ಪರೀಕ್ಷಿಸಲಿಲ್ಲವೇ ಎಂದು ನೆವವನ್ನೂ ಒದಗಿಸಿತು. ಎರಡನೆಯ ಸಲ ತೆಗೆದೆ. ಮತ್ತೆ 'ಇರು'. ಮೂರನೆಯ ಸಲ 'ಹೋಗು' ಬಂತು. ಕಂದೀಲು ಆರಿಸಿ ಮಲಗಿದೆ.

ಬೆಳಿಗ್ಗೆ ತಂದೆಗೆ, ಪ್ರಾರ್ಥನೆ ಮಾಡಿ ಚೀಟಿ ತೆಗೆದೆ, ದೇವರು ಹೋಗು ಎಂದನೆಂದು ಹೇಳಿದೆ. ಸುಳ್ಳೇನೂ ಅಲ್ಲ, ನೋಡಿ. ಅವರು ಸ್ವಲ್ಪ ಹೊತ್ತು ಮಾಡಿನ ಕಡೆ ನೋಡಿ, "ದೇವ್ರು ಹೇಳ್ಯಾನ ಅಂದ ಮ್ಯಾಲ ನಾ ಏನ್ ಹೇಳ್ಲಿ. ಹೋಗಪಾ" ಎಂದರು. ನನಗೆ ಹೋಗಬೇಕೆಂಬ ಆಸೆ ಇದೆ ಎಂದು ನೇರವಾಗಿ ಹೇಳಿದ್ದರೆ ಅವರು ಏನಾದರೂ ಹೇಳುತ್ತಿದ್ದರು. ಬೇಡವೆನ್ನುತ್ತಿದ್ದರೋ, ಸಂತೋಷದಿಂದ ಕಳಿಸುತ್ತಿದ್ದರೋ, ಕನಿಷ್ಠ ಅಪ್ಪ ಮಗ ಕುಳಿತು ಮಾತನಾಡುತ್ತಿದ್ದೆವು. ದೇವರ ಹೆಸರನ್ನು ನಡುವೆ ತಂದು ಆ ಮಾತಿನ ಬಾಗಿಲನ್ನು ನಾನೇ ಮುಚ್ಚಿದೆ.

1978ರ ಜನವರಿಯಲ್ಲಿ ಹಾಸ್ಟೆಲ್ಲಿಗೆ ತಂತಿ ಬಂತು. ಹುಬ್ಬಳ್ಳಿಯಿಂದ ಮೀಟರ್‌ಗೇಜ್ ಪ್ಯಾಸೆಂಜರ್ ಗಾಡಿ; ಗದಗಿನಲ್ಲಿ ಬಹಳ ಹೊತ್ತು ನಿಂತಿತು. ಕೊಪ್ಪಳ ಸೇರುವ ಹೊತ್ತಿಗೆ ಮಣ್ಣು ಮಾಡಿ ಬಂದಿದ್ದರು.

ನಾನು ಧಾರವಾಡಕ್ಕೆ ಹೋದದ್ದು ತಪ್ಪೆಂದು ಇಂದಿಗೂ ನನಗೆ ಅನಿಸುವುದಿಲ್ಲ. ಆ ಓದಿನಿಂದಲೇ ನೌಕರಿ, ನೌಕರಿಯಿಂದಲೇ ತಮ್ಮನ ಓದು, ತಾಯಿಯ ಔಷಧ. ನನ್ನನ್ನು ಕೊರೆಯುವುದು ಆ ಮೊದಲ ಎರಡು ಚೀಟಿಗಳು. ಅವುಗಳ ಸಂಗತಿಯನ್ನು ತಂದೆಗೆ ಹೇಳಲಿಲ್ಲ. ತಾಯಿಗೆ, ತಮ್ಮನಿಗೆ, ನನ್ನ ಹೆಂಡತಿಗೂ ಹೇಳಿರಲಿಲ್ಲ.

ನಾಲ್ಕು ದಿನಗಳಾದ ಮೇಲೆ ತಮ್ಮನ ಮಗಳಿಗೆ ಫೋನು ಮಾಡಿ ಹೇಳಿದೆ. ಮಲ್ಲಸಮುದ್ರದ ಕಥೆಯನ್ನೂ ಆನಂದರಾಯರ ಕಥೆಯನ್ನೂ ಅವಳು ತಾಳ್ಮೆಯಿಂದ ಕೇಳಿದಳು. ಚೀಟಿಯ ಕಥೆ ಮುಗಿದಾಗ ಆ ಕಡೆ ಬಹಳ ಹೊತ್ತು ಸದ್ದಿರಲಿಲ್ಲ. "ಹಂಗಾದ್ರ ನೀವು ಆವಾಗ ಏನ್ ಮಾಡಬೇಕಿತ್ತು, ದೊಡ್ಡಪ್ಪಾ?" ಎಂದಳು. "ಅಪ್ಪನ್ನ ಕೇಳಬೇಕಿತ್ತು. ನನ್ನ ಮನಸ್ಸಿನ್ಯಾಗ ಏನೈತಿ ಅಂತ ಹೇಳಿ ಕೇಳಬೇಕಿತ್ತು. ಅದಾದ ಮ್ಯಾಲ ಇಬ್ಬರೂ ಕೂಡಿ ಪ್ರಾರ್ಥನೆ ಮಾಡಬೇಕಿತ್ತು" ಎಂದೆ.

ಹಿಂದಿನ ಭಾನುವಾರ ಅವಳು ರಾತ್ರಿಯ ಗಾಡಿಗೆ ಹೊರಟು ಕೊಪ್ಪಳಕ್ಕೆ ಬಂದಿದ್ದಳು. ತಾಯಿ ಮಗಳು ಸಂಜೆಯವರೆಗೂ ಅಡಿಗೆಮನೆಯಲ್ಲಿ ಕುಳಿತು ಮಾತನಾಡಿದರಂತೆ. ನಡುವೆ ಒಮ್ಮೆ ಜಗಳವೂ ಆಯಿತಂತೆ. ಏನು ತೀರ್ಮಾನವಾಯಿತೆಂದು ನನಗೆ ಇನ್ನೂ ಹೇಳಿಲ್ಲ. ಹೊರಡುವ ಮುನ್ನ ನಮ್ಮ ಮನೆಗೆ ಬಂದು ಒಂದು ಡಬ್ಬಿ ಶೇಂಗಾ ಹೋಳಿಗೆ ಕೊಟ್ಟು ಹೋದಳು.